ಟಿಕೆಟ್ಟಿಲ್ಲದ ಟೀಸಿಯವರು

ಗಟ್ಟಿ ನೆಲದ ಮೇಲೆ ನಿಂತಾಗಲೂ ಅವರು ಎರಡೂ ಕಾಲನ್ನು ಒಂದು ಮೊಳ ಅಗಲಿಸಿಯೇ ನಿಲ್ಲುತ್ತಿದ್ದರು. ಹಾಲಿನವನ ಜೊತೆ ಮಾತಾಡುವಾಗ, ಗೇಟಿನಲ್ಲಿ ಪೇಪರಿಗೆ ಕಾಯುವಾಗ, ಮಗಳ ಸ್ಕೂಟಿ ಒರೆಸುವಾಗ, ಯಾವಾಗ ನೋಡಿದರೂ ಅದೇ ನಿಲುವು. ಎಡಗೈ ಯಾವುದಾದರೊಂದು ಆಸರೆಯ ಹತ್ತಿರ ಇರುತ್ತಿತ್ತು. ಮೂವತ್ತಾರು ವರ್ಷ ಓಡುವ ರೈಲಿನಲ್ಲಿ ನಿಂತು ಜನರ ಟಿಕೆಟ್ ನೋಡಿದ ಕಾಲುಗಳು ಅವು. ನಿವೃತ್ತಿಯಾಗಿ ಮಲ್ಕಾಜ್‌ಗಿರಿಯ ನಮ್ಮ ಪಕ್ಕದ ಮನೆಗೆ ಬಂದು ವರ್ಷಗಳಾದರೂ ಆ ಕಾಲುಗಳಿಗೆ ನೆಲದ ಮೇಲೆ ಭರವಸೆ ಬಂದಿರಲಿಲ್ಲ. ಬೀದಿಯವರೆಲ್ಲ ಅವರನ್ನು ಟೀಸಿಯವರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಯಾರನ್ನೂ ಸುಮ್ಮನೆ ನಂಬುವವನು ನಾನೂ ಅಲ್ಲ. ಆಗ ಕಂದಾಯ ಇಲಾಖೆಯಲ್ಲಿ ಗಿರ್ದಾವರ್ ಆಗಿದ್ದೆ. ಯಾರಾದರೂ ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿದರೆ ಅವರ ಮನೆಗೆ ಹೋಗಿ, ಗೋಡೆ ನೋಡಿ, ದೇವರ ಗೂಡು ನೋಡಿ, ಅಕ್ಕಪಕ್ಕದವರನ್ನು ಕೇಳಿ, ಹೇಳಿದ್ದು ನಿಜವೋ ಸುಳ್ಳೋ ಎಂದು ತಹಶೀಲ್ದಾರರಿಗೆ ಬರೆದುಕೊಡುವುದು ಗಿರ್ದಾವರನ ಕೆಲಸ. ನಿಜಾಮರ ಕಾಲದಲ್ಲಿ ನಮ್ಮಜ್ಜ ರಾಯಚೂರು ಕಡೆಯಿಂದ ಈ ತೆಲುಗು ಸೀಮೆಗೆ ಬಂದು ಇದೇ ಇಲಾಖೆಗೆ ಸೇರಿದ್ದ. ಅಪ್ಪನೂ ಅದರಲ್ಲೇ ಸವೆದ. ಮೂರು ತಲೆಮಾರು ಮಂದಿಯ ಮಾತಿನಲ್ಲಿ ಹುಳುಕು ಹುಡುಕಿದ ಮನೆತನ ನಮ್ಮದು. ನಮ್ಮ ಮನೆಯಲ್ಲಿ ಹಾಲು ಕೆಟ್ಟರೂ ಮೊದಲು ಹಾಲಿನವನ ಮುಖ ನೋಡುತ್ತೇವೆ.

ಟೀಸಿಯವರು ಬಂದ ದಿನ ನೀರಿನ ಟ್ಯಾಂಕರಿನವನ ಜೊತೆ ತೆಲುಗಿನಲ್ಲಿ ಜಗಳವಾಡಿದರು. ಅವನು ಹೋದ ಮೇಲೆ ತಮ್ಮಷ್ಟಕ್ಕೆ ತಾವೇ, "ಮಂದಿ ಭಾಳ ಕೆಟ್ಟೈತಪಾ" ಎಂದರು. ಹೂ ಕಟ್ಟುತ್ತಾ ಕೂತಿದ್ದ ನಮ್ಮವ್ವ ದಾರ ಬಿಟ್ಟು ಕಾಂಪೌಂಡಿಗೆ ಓಡಿದಳು.

"ಯಾವೂರ್ರಿ ನಿಮ್ದು?"

"ರಾಯಚೂರ ಕಡೇದವ್ರಿ, ತಾಯಿ."

ಅವ್ವನಿಗೆ ಹಬ್ಬ. ಚಹಾ ಹೋಯಿತು, ಚಕ್ಕುಲಿ ಹೋಯಿತು. ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಗಂಡ ಹೆಂಡತಿ ಮಗಳು ಮೂವರೂ ಸೇರಿ ಯೇಸುಸ್ವಾಮಿಯ ಕೀರ್ತನೆ ಹಾಡುವುದು ಕೇಳಿತು. ಅದೂ ಶುದ್ಧ ಕನ್ನಡದಲ್ಲಿ. ಅವ್ವನ ಮುಖ ಸಣ್ಣದಾಯಿತು. "ಮಂದಿ ಚೊಲೋನ ಅದಾರ. ಆದ್ರ ಪುಸ್ತಕ ಗಿಸ್ತಕ ಕೊಟ್ರ ತಗೋಬ್ಯಾಡ" ಎಂದು ನನಗೆ ತಾಕೀತು ಮಾಡಿದಳು.

ನಾವು ಆ ಪುಸ್ತಕಕ್ಕಾಗಿ ಕಾದೆವು. ಒಂದು ವರ್ಷವಾಯಿತು, ಎರಡು ವರ್ಷವಾಯಿತು, ಪುಸ್ತಕ ಬರಲಿಲ್ಲ. ಚರ್ಚಿಗೆ ಬನ್ನಿ ಎಂಬ ಮಾತೂ ಬರಲಿಲ್ಲ. ಬಂದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಬರದೇ ಇದ್ದದ್ದೇ ನನ್ನ ತಲೆ ಕೆಡಿಸಿತು. ಗಾಳ ಹಾಕಿ ಕೂತವನು ಗದ್ದಲ ಮಾಡುವುದಿಲ್ಲವಲ್ಲ.

ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕೇಕು ಬರುತ್ತಿತ್ತು. ಅವ್ವ ಎರಡೂ ಕೈಯಲ್ಲಿ ಇಸಿದುಕೊಂಡು, ಬಾಗಿಲು ಹಾಕಿದ ಮೇಲೆ, ಆಫೀಸಿನವರಿಗೆ ಹಂಚೆಂದು ನನ್ನ ಕೈಗೆ ಕೊಡುತ್ತಿದ್ದಳು. ಮೂರನೇ ವರ್ಷ ಟೀಸಿಯವರೇ ಕೇಳಿದರು: "ತಾಯಿಯವರ, ತತ್ತಿ ಹಾಕಿರ್ತಾರಂತ ತಿನ್ನಂಗಿಲ್ಲೇನ್ರಿ?" ಅವ್ವ ನಾಚಿ ತಲೆಯಾಡಿಸಿದಳು. ಮರುವರ್ಷ ಕೇಕಿನ ಬದಲು ಒಂದು ಡಬ್ಬಿ ಕರ್ಚಿಕಾಯಿ ಬಂತು. ಅವ್ವ ಕೂತಲ್ಲೇ ನಾಲ್ಕು ತಿಂದು, ಬಾಯಿ ಒರೆಸಿಕೊಂಡು, "ಹುಷಾರದಾನ" ಎಂದಳು. ಮೆಚ್ಚಿ ಹೇಳಿದಳೋ ಎಚ್ಚರಿಕೆಗೆ ಹೇಳಿದಳೋ ನನಗೆ ಈಗಲೂ ತಿಳಿದಿಲ್ಲ.

ನಮ್ಮ ಕಾಲೋನಿಯಲ್ಲಿ ಚುನಾವಣೆಯ ಹಿಂದಿನ ದಿನ ಪಕ್ಷದ ಹುಡುಗರು ಕೊಡುವುದನ್ನು ಕೊಟ್ಟು, ದೇವರ ಫೋಟೋ ಮುಂದೆ ಹಿಡಿದು ಆಣೆ ಮಾಡಿಸುತ್ತಾರೆ. ಕ್ರೈಸ್ತರ ಮನೆಗೆಂದು ಚೀಲದಲ್ಲಿ ಕಪ್ಪು ರಟ್ಟಿನ ಧರ್ಮಗ್ರಂಥವೂ ಇರುತ್ತದೆ. ಟೀಸಿಯವರು ಕೊಡುವುದನ್ನೂ ಮುಟ್ಟಲಿಲ್ಲ, ಗ್ರಂಥದ ಮೇಲೆ ಕೈಯನ್ನೂ ಇಡಲಿಲ್ಲ. ಹುಡುಗರು ಗೊಣಗುತ್ತಾ ಮುಂದೆ ಹೋದ ಮೇಲೆ ಕಾಂಪೌಂಡಿನ ಮೇಲಿಂದ ನನಗೆ ಹೇಳಿದರು: "ಆಣಿ ಮಾಡೂದು ನಮ್ಮ ಸ್ವಾಮಿಗೆ ಸೇರಂಗಿಲ್ರಿ. ನಾ ಹೌದು ಅಂದ್ರ ಹೌದು, ಇಲ್ಲ ಅಂದ್ರ ಇಲ್ಲ. ಆಣಿ ಬೇಕಾಗ್ತೈತಿ ಅಂದ್ರ ಬಾಕಿ ದಿನ ನಾ ಹೇಳೂದೆಲ್ಲ ಸುಳ್ಳು ಅಂತ ಆತಲ್ಲ."

ಆ ದಿನ ಬೆಳಗಿನಿಂದ ನಾನು ಮೂರು ಪಕ್ಷದವರ ಮುಂದೆ ಒಂದೇ ತಿಮ್ಮಪ್ಪನ ಫೋಟೋದ ಮೇಲೆ ಕೈಯಿಟ್ಟಿದ್ದೆ. ತಿಮ್ಮಪ್ಪ ದೊಡ್ಡವನು, ತಿಳಿದುಕೊಳ್ಳುತ್ತಾನೆ.

ಅಧಿಕಾರದಲ್ಲಿದ್ದವರು ಯಾರೇ ಇರಲಿ, ಟೀಸಿಯವರದು ಒಂದೇ ಮಾತು. "ಅವರ ಸಲುವಾಗಿ ದಿನಾ ಪ್ರಾರ್ಥನಿ ಮಾಡ್ತೀನ್ರಿ. ಅವರ್ನ ನಂಬಂಗಿಲ್ಲ." ತಮ್ಮವರೆಂದು ರಿಯಾಯಿತಿಯೂ ಇರಲಿಲ್ಲ. ಒಮ್ಮೆ ಅವರ ಚರ್ಚಿನ ಪಾದ್ರಿ ಒಬ್ಬ ಅಭ್ಯರ್ಥಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರಂತೆ. ಇವರು ನಡುವೆ ಎದ್ದು ನಿಂತು, "ಅಯ್ಯನವರ, ಎದುರಿನವನ ಸಲುವಾಗಿ ಯಾವ ಭಾನುವಾರ ಇಟ್ಟೀರಿ?" ಎಂದು ಕೇಳಿದರಂತೆ. ಇದನ್ನು ಹೇಳಿದವರು ಅವರ ಮನೆಯವರು, ಹೇಳುವಾಗ ಅರ್ಧ ನಗು ಅರ್ಧ ಹೆದರಿಕೆ. ಹಬ್ಬಕ್ಕೆ ಕ್ರೈಸ್ತರಿಗೆಂದು ಸರ್ಕಾರದಿಂದ ಬಂದ ಬಟ್ಟೆಯ ಚೀಲವನ್ನೂ ಇವರು ವಾಪಸ್ಸು ಕಳಿಸಿದರು. "ಹಬ್ಬಕ್ಕ ಸೀರಿ ಕೊಡ್ತಾರ, ಸತ್ತರ ಹೂಳಾಕ ಜಾಗ ಕೇಳಿದ್ರ ಮಾರಿ ತಿರುಗಿಸ್ತಾರ. ಸೀರಿ ಉಟಗೊಂಡು ಎಲ್ಲಿ ಮಲಗೂಣ್ರಿ?"

ಇಷ್ಟು ನೆಟ್ಟಗೆ ಇರುವವರನ್ನು ಕಂಡರೆ ನನ್ನ ಮೂಗು ತಾನಾಗಿಯೇ ವಾಸನೆ ಹಿಡಿಯಲು ಹೊರಡುತ್ತದೆ. ಜಾತಿ ಕೇಳದೆಯೇ ಜಾತಿ ತಿಳಿಯುವ ಹತ್ತು ದಾರಿ ಗಿರ್ದಾವರನಿಗೆ ಗೊತ್ತಿರುತ್ತವೆ. ಒಂದು ದಿನ ಚಹಾ ಕುಡಿಯುತ್ತಾ ಸುಮ್ಮನೆ ಕೇಳಿದವನಂತೆ ಕೇಳಿದೆ: "ಊರಾಗ ನಿಮ್ಮ ಮನಿ ಯಾವ ಕಡೆ ಬರ್ತೈತ್ರಿ, ಟೀಸಿ ಸಾಹೇಬ್ರ?"

ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. "ಊರ ಹೊರಗ್ರಿ. ನೀವು ಕೇಳಬೇಕಂದದ್ದು ಅದನ್ನ ಹೌದಲ್ಲೋ?" ಎಂದರು. ನನ್ನ ಕಿವಿ ಬೆಚ್ಚಗಾದವು. ಅವರೇ ಮುಂದುವರಿಸಿದರು: "ನಮ್ಮಜ್ಜ ಯೇಸುಸ್ವಾಮಿನ್ನ ನಂಬಿದ. ಊರು ನಮ್ಮಜ್ಜನ್ನ ನಂಬಲಿಲ್ಲ. ಚರ್ಚಿನ್ಯಾಗೂ ಭಾಳ ವರ್ಷ ಹಿಂದಿನ ಸಾಲು ನಮ್ದ ಇತ್ತು."

ಅವಮಾನವಾಯಿತು, ನಿಜ. ಆದರೆ ತಲೆಯೊಳಗಿನ ಗಿರ್ದಾವರ್ ಲೆಕ್ಕ ಹಾಕುವುದನ್ನು ಬಿಡಲಿಲ್ಲ. ಕಾನೂನಿನ ಪ್ರಕಾರ ದಲಿತನೊಬ್ಬ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ನಮ್ಮಲ್ಲಿ ಅಂಥವರಿಗೆ ಹಿಂದುಳಿದವರ ಪಟ್ಟಿಯಲ್ಲಿ ಬೇರೆ ಒಂದು ಸಣ್ಣ ಗುಂಪು ಇದೆ, ಅದರ ಪಾಲು ಬೆರಳ ತುದಿಯಷ್ಟು. ಅದಕ್ಕೇ ಎಷ್ಟೋ ಕುಟುಂಬಗಳು ಭಾನುವಾರ ಚರ್ಚಿಗೆ ಹೋಗುತ್ತವೆ, ಕಾಗದದಲ್ಲಿ ಹಿಂದೂ ಎಂದೇ ಉಳಿಯುತ್ತವೆ. ಇಂಥ ಮನೆಗಳನ್ನು ನಾನು ಹತ್ತಾರು ನೋಡಿದ್ದೆ. ಗೋಡೆಯ ಶಿಲುಬೆ ಕಪಾಟಿಗೆ ಹೋಗಿರುತ್ತದೆ, ಎರವಲು ತಂದ ದೇವರ ಫೋಟೋಕ್ಕೆ ಹಸಿ ಕುಂಕುಮ. ಹಾಗಾದರೆ ಈ ಮನುಷ್ಯ ರೈಲ್ವೆ ನೌಕರಿ ಹಿಡಿದದ್ದು ಯಾವ ಕಾಗದದ ಮೇಲೆ? ಪ್ರಶ್ನೆಯನ್ನು ಕೇಳಲಿಲ್ಲ, ಇಟ್ಟುಕೊಂಡೆ.

ಅದಾದ ಮೇಲೆ ಅವರ ಮಗಳ ನರ್ಸಿಂಗ್ ಮುಗಿಯಿತು. ಸರ್ಕಾರಿ ಆಸ್ಪತ್ರೆಗಳಿಗೆ ನರ್ಸುಗಳನ್ನು ತೆಗೆದುಕೊಳ್ಳುವ ಜಾಹೀರಾತು ಬಂತು. ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಇದ್ದರೆ ಅವಳ ಅಂಕಕ್ಕೆ ಹುದ್ದೆ ಖಂಡಿತ. ಇನ್ನೊಂದು ಗುಂಪಿನಲ್ಲಾದರೆ ಆಸೆಯೇ ಇಲ್ಲ. ತಾಯಿ ಮಗಳು ಸೇರಿ, ಟೀಸಿಯವರಿಗೆ ತಿಳಿಸದೆ, ಪರಿಶಿಷ್ಟ ಜಾತಿಯೆಂದೇ ಅರ್ಜಿ ಹಾಕಿದರು. ಟೀಸಿಯವರು ಮದುವೆಯೊಂದಕ್ಕೆ ಊರಿಗೆ ಹೋಗಿ ಮನೆಯಲ್ಲಿ ಇಲ್ಲದ ದಿನವೇ ವಿಚಾರಣೆಗೆ ಬರುವಂತೆ ನಮ್ಮ ಪ್ರದೇಶದ ಗಿರ್ದಾವರನಿಗೆ ಹೇಳಿಕೊಂಡರು. ನನ್ನ ಪಾಲಿಗೆ ಬೇರೆ ಪ್ರದೇಶವಿತ್ತು, ಅವನು ನನಗಿಂತ ಕಿರಿಯ, ಪರಿಚಯದವನು. ಹಿಂದಿನ ಸಂಜೆ ಟೀಸಿಯವರ ಮನೆಯವರು ಬಂದು, ಅವ್ವನ ಕೈ ಹಿಡಿದು, ಒಂದು ದಿನದ ಮಟ್ಟಿಗೆ ತಿಮ್ಮಪ್ಪನ ಫೋಟೋ ಕೇಳಿದರು.

ಅವ್ವ ಫೋಟೋ ಒರೆಸಿ, ಹೂ ಏರಿಸಿ ಕೊಟ್ಟಳು. "ದೇವರು ಹ್ಯಾಂಗರ ಆ ಮನಿಗೆ ಹೋಗ್ಲಿ ಬಿಡು" ಎಂದಳು. ಅವಳಿಗೆ ಪೂರ್ತಿ ಅರ್ಥವಾಗಿತ್ತೋ ಇಲ್ಲವೋ. ನನಗೆ ಅರ್ಥವಾಗಿತ್ತು. ನೆರೆಯವನ ಸಾಕ್ಷಿಯೂ ಬೇಕು, ಬೆಳಿಗ್ಗೆ ಬಂದು ಒಂದು ಸಹಿ ಹಾಕಬೇಕು ಎಂದರು. ಹೂಂ ಅಂದೆ. ಹುಡುಗಿಯ ಮೇಲೆ ಕನಿಕರವಿತ್ತು. ಅದಕ್ಕಿಂತ ಹೆಚ್ಚಾಗಿ, ಆ ನೆಟ್ಟಗಿನ ಮನೆಯ ಒಳಸುಳಿ ನೋಡುವ ಚಪಲವಿತ್ತು.

ಬೆಳಿಗ್ಗೆ ನಡುಮನೆಯ ಗೋಡೆಯ ಮೇಲೆ ನಮ್ಮ ತಿಮ್ಮಪ್ಪ ಇದ್ದ. ತಾಯಿ ಮಗಳ ಹಣೆಯ ಮೇಲೆ ಬೊಟ್ಟು ಇದ್ದವು, ಮಗಳದು ತುಸು ಓರೆ. ಗಿರ್ದಾವರ್ ತೆಲುಗಿನಲ್ಲಿ ಒಂದೊಂದೇ ಕೇಳಿ ಬರೆದುಕೊಂಡ. ಚಹಾ ಬಿಸ್ಕತ್ತು ಬಂತು. ಬಿಸ್ಕತ್ತು ಕೈಗೆ ತೆಗೆದುಕೊಂಡ ಹುಡುಗಿ ಅಭ್ಯಾಸ ಬಲದಿಂದ ತಲೆ ಬಾಗಿಸಿ, ಕಣ್ಣು ಮುಚ್ಚಿ, ತುಟಿ ಆಡಿಸಿದಳು. ಊಟಕ್ಕೆ ಮುಂಚೆ ಆ ಮನೆಯಲ್ಲಿ ದಿನಾ ಮಾಡುವ ಪ್ರಾರ್ಥನೆ ಅದು. ಮುಗಿಸಿ ಕಣ್ಣು ಬಿಟ್ಟವಳ ಮುಖ ಬಿಳಿಚಿತು. ಗಿರ್ದಾವರ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ನಿಟ್ಟುಸಿರು ಬಿಟ್ಟು, ಸಾಕ್ಷಿಯ ಸಹಿಗೆಂದು ಕಾಗದವನ್ನು ನನ್ನ ಕಡೆ ಸರಿಸಿದ.

ಪೆನ್ನು ಕೈಯಲ್ಲಿದ್ದಾಗಲೇ ಟೀಸಿಯವರು ಬಾಗಿಲಿನಲ್ಲಿ ನಿಂತಿದ್ದರು. ಸಂಜೆ ಬರಬೇಕಾದವರು ಬೆಳಗಿನ ರೈಲಿಗೇ ಬಂದುಬಿಟ್ಟಿದ್ದರು. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು, ಕೊನೆಗೆ ಗೋಡೆ ನೋಡಿದರು. ಕೂಗಾಡುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಫೋಟೋವನ್ನು ಎರಡೂ ಕೈಯಿಂದ ಇಳಿಸಿ, ಹೂ ಬೀಳದ ಹಾಗೆ ಹಿಡಿದು ನನ್ನ ಮುಂದೆ ತಂದರು.

"ತಗೋರಿ, ಗಿರ್ದಾವರ್ ಸಾಹೇಬ್ರ. ನಿಮ್ಮ ಮನಿ ದೇವರನ್ನ ಕರ್ಕೊಂಬಂದು ನಮ್ಮ ಸಲುವಾಗಿ ಸುಳ್ಳು ಸಾಕ್ಷಿಗೆ ನಿಲ್ಸೀವಿ. ತಪ್ಪಾಗೈತಿ. ತಾಯಿಯವರಿಗೆ ಹೇಳ್ರಿ."

ಅದೇ ದೇವರ ಮೇಲೆ ಮೂರು ಆಣೆ ಮಾಡಿದ ಕೈಗಳಲ್ಲಿ ಆ ಫೋಟೋ ಹಿಡಿದು ಕೂತೆ. ಅವರು ಗಿರ್ದಾವರನ ಕಡೆ ತಿರುಗಿ, ನಾವು ಕ್ರೈಸ್ತರು, ಹಾಗೇ ಬರೆಯಿರಿ ಎಂದು ತೆಲುಗಿನಲ್ಲಿ ಹೇಳಿದರು.

ಆಗ ಹುಡುಗಿ ಎದ್ದು ನಿಂತು ಕನ್ನಡದಲ್ಲಿ ಕೇಳಿದಳು, ಮೆಲ್ಲಗೆ: "ನೀ ನೌಕರಿ ಸೇರುವಾಗ ಧರ್ಮ ಅನ್ನೋ ಖಾನೇದಾಗ ಏನಂತ ಬರದಿದ್ದಿ, ಅಪ್ಪಾ?"

ಟೀಸಿಯವರ ಎಡಗೈ ಪಕ್ಕದ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು. ಗಿರ್ದಾವರನಿಗೆ ಕನ್ನಡ ಬರುತ್ತಿರಲಿಲ್ಲ, ಕಾಗದ ಮಡಚಿಕೊಂಡು ಎದ್ದ. ನನಗೆ ಬರುತ್ತಿತ್ತಲ್ಲ. ಇಷ್ಟು ವರ್ಷದ ನನ್ನ ಸಂಶಯ ನಿಜವಾಗಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಒಳಗೊಳಗೇ ಖುಷಿಯಾಯಿತು.

ಸಂಜೆ ಅವರೇ ನಮ್ಮ ಮನೆಗೆ ಬಂದರು. ಕೂರಲಿಲ್ಲ.

"ನೌಕರಿಗೆ ಹೋದಾಗ ನನಗ ಇಪ್ಪತ್ನಾಕು ವರ್ಷ. ಸಾಲಿ ಸೇರಿಸುವಾಗ ಮಾಸ್ತರ ಹಿಂದೂ ಅಂತ ಬರದಿದ್ದ. ನಮ್ಮಪ್ಪ ತಿದ್ದಿಸಲಿಲ್ಲ, ನಾನೂ ತಿದ್ದಿಸಲಿಲ್ಲ. ಅದರ ಮ್ಯಾಲೆ ನೌಕರಿ ಬಂತು. ಮೂವತ್ತಾರು ವರ್ಷ ಕಂಡಕಂಡವರಿಗೆ ಟಿಕೆಟ್ ತೋರ್ಸು ಅಂದೀನ್ರಿ. ನನ್ನ ಹತ್ರಾನ ಟಿಕೆಟ್ ಇರಲಿಲ್ಲ."

ಬಾಗಿಲ ಚೌಕಟ್ಟು ಹಿಡಿದು ಅವರೇ ಮುಂದುವರಿಸಿದರು.

"ಕಾಯ್ದೆ ಏನಂತೈತಿ? ದೇವರು ಬ್ಯಾರೆ ಆದ ಕೂಡ್ಲೆ ಜಾತಿ ಹೋತು ಅಂತೈತಿ. ಎಲ್ಲಿ ಹೋಗೈತ್ರಿ? ಮೊನ್ನಿ ಮದುವಿಗೆ ಹೋದಾಗೂ ಊರಿನವರು ನಮ್ಮ ಕಡೆ ನೀರು ಮುಟ್ಟಲಿಲ್ಲ. ಕಾಯ್ದೆ ಸುಳ್ಳು ಹೇಳಾಕತ್ತೈತಿ. ಆದ್ರ ಅದರ ಸುಳ್ಳಿಗೆ ನನ್ನ ಸುಳ್ಳು ಉತ್ತರ ಅಲ್ರಿ. ನಾವೆಲ್ಲಾರೂ ಹೆದರಿ ಹಿಂದೂ ಅಂತ ಬರಸ್ಕೊಂತ ಹೋದ್ರ, ಸರ್ಕಾರದ ಕಾಗದದಾಗ ನಾವು ಇಲ್ಲೇ ಇಲ್ಲ. ಇಲ್ಲದವರಿಗೆ ನ್ಯಾಯ ಯಾರು ಕೊಡ್ತಾರ? ನಮ್ಮ ಸ್ವಾಮಿ ಬಡವರ ಕಡೆ ನಿಂತಾಂವ. ಆದ್ರ ಅಡಗಿ ನಿಲ್ಲಲಿಲ್ಲ."

ಮಾತು ಮನಸ್ಸಿಗೆ ನಾಟಿತು. ಆದರೂ ನನ್ನ ನಾಲಗೆ ಸುಮ್ಮನಿರುವ ಜಾತಿಯದಲ್ಲ. "ಭಾಷಣ ಚೊಲೋ ಐತ್ರಿ, ಟೀಸಿ ಸಾಹೇಬ್ರ. ಪೆನ್ಶನ್ ಶುರು ಆದಮ್ಯಾಲೆ ಸತ್ಯ ಹೇಳೂದು ಹಗೂರ. ಟಿಕೆಟ್ ಇಲ್ದಾಂವ ನೀವು, ದಂಡ ಹಾಕಿದ್ದು ಮಗಳಿಗೆ" ಎಂದೆ.

"ಹೌದ್ರಿ" ಎಂದರು ಅವರು. ಆಮೇಲೆ, "ರೈಲ್ವೆದವರಿಗೆ ನಾನಽ ಬರೀಬೇಕಂತ ಮೂರು ಸಲ ಕುಂತೀನಿ. ನಾಳೆ ನಾ ಸತ್ರ ನಮ್ಮ ಮನಿಯಾಕಿ ಹೊಟ್ಟಿಗೆ ಅದಽ ಪೆನ್ಶನ್ ಅಂತ ನೆನಪಾಗಿ ಕೈ ನಿಂತೈತಿ. ನೀವು ಸರ್ಕಾರಿ ಮನುಷ್ಯಾರು, ನಿಮ್ಮ ಕಿವಿಗೆ ಬಿದ್ದೈತಿ. ಬರೀಬೇಕು ಅನಿಸಿದ್ರ ಬರೀರಿ. ನಾ ಇಲ್ಲ ಅನ್ನಂಗಿಲ್ಲ" ಎಂದು ಹೊರಟುಹೋದರು.

ಯಾರನ್ನೂ ನಂಬದ ಮನುಷ್ಯ ತನ್ನ ಹೆಂಡತಿಯ ಅನ್ನವನ್ನು ನನ್ನ ಕೈಗೆ ಕೊಟ್ಟು ಹೋಗಿದ್ದ. ಇದರಲ್ಲೂ ಏನೋ ಹಂಚಿಕೆ ಇದೆ, ನಾನು ಬರೆಯಲಾರೆ ಎಂದು ತಿಳಿದೇ ಹೀಗೆ ಹೇಳಿದರು ಎಂದು ಒಂದು ವಾರ ಯೋಚಿಸಿದೆ. ಬರೆಯಲಿಲ್ಲ. ಬರೆಯಲಿಲ್ಲ ಎಂದು ಅವರಿಗೆ ಹೇಳಲೂ ಇಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ಕಂಡಾಗ ಅವರು ಮೊದಲಿನ ಹಾಗೇ ನಮಸ್ಕಾರ ಮಾಡುತ್ತಿದ್ದರು, ಒಂದು ದಿನವೂ ಏನಾಯಿತೆಂದು ಕೇಳಲಿಲ್ಲ. ಒಬ್ಬ ಮನುಷ್ಯನನ್ನು ಹಾಗೆ ವರ್ಷಗಟ್ಟಲೆ ತೂಗುಗತ್ತಿಯ ಕೆಳಗೆ ಇಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಒಂದು ಮಾತು ಸಾಕಿತ್ತು.

ಹುಡುಗಿಗೆ ಸರ್ಕಾರಿ ಕೆಲಸ ಸಿಗಲಿಲ್ಲ. ಕೂಕಟ್‌ಪಲ್ಲಿಯ ಒಂದು ಖಾಸಗಿ ಆಸ್ಪತ್ರೆ ಸೇರಿ, ಅಲ್ಲೇ ಹಾಸ್ಟೆಲಿನಲ್ಲಿ ಉಳಿದಳು. ಹೆಚ್ಚು ದುಡಿತ, ಕಡಿಮೆ ಸಂಬಳ. ಎರಡು ವರ್ಷ ತಂದೆಯ ಜೊತೆ ಒಂದು ತುತ್ತು ಉಣ್ಣಲಿಲ್ಲ. ಭಾನುವಾರ ಬಂದರೂ ತಾಯಿಯನ್ನು ನೋಡಿ, ಅಡುಗೆಮನೆಯಿಂದಲೇ ಹೊರಟುಬಿಡುತ್ತಿದ್ದಳು. ಟೀಸಿಯವರು ಅವಳ ಸ್ಕೂಟಿ ಒರೆಸಿಡುತ್ತಿದ್ದರು. ಅವಳು ಏನೂ ಅನ್ನದೆ ಕೀಲಿ ತಿರುಗಿಸುತ್ತಿದ್ದಳು. ತಪ್ಪು ಯಾರದೆಂದು ನಾನು ಹೇಳಲಾರೆ. ನನ್ನ ಮನಸ್ಸು ಮಗಳ ಕಡೆಯೇ ಇತ್ತು.

ಕಳೆದ ವರ್ಷ ಟೀಸಿಯವರ ಕಿಡ್ನಿ ಕೈಕೊಟ್ಟಿತು. ಮಗಳು ರಜೆ ಹಾಕಿ ಬಂದು, ಐದು ವಾರ ಅವರನ್ನು ಕೂಸಿನಂತೆ ನೋಡಿಕೊಂಡಳು. ಇಬ್ಬರ ನಡುವೆ ಔಷಧಿ, ನೀರು, ದಿಂಬು, ಇಷ್ಟರದ್ದೇ ಮಾತು ನಾನು ಕೇಳಿದ್ದು. ಬೇರೆ ಏನಾದರೂ ಆಡಿಕೊಂಡರೋ ತಿಳಿಯದು. ಅವರು ಹೋದ ದಿನ ನಮ್ಮವ್ವ ಮಡಿ ಗಿಡಿ ನೋಡದೆ ಹೋಗಿ ಆ ತಾಯಿಯ ಪಕ್ಕ ಸಂಜೆಯವರೆಗೆ ಕೂತಳು. ಹೂಳಲು ಜಾಗ ಹೊಂದಿಸುವುದಕ್ಕೆ ಚರ್ಚಿನವರು ಮರುದಿನ ಮಧ್ಯಾಹ್ನದವರೆಗೂ ಓಡಾಡಿದರು.

ವಾರದ ಮೇಲೆ ಮರಣ ನೋಂದಣಿಗೆಂದು ಮಗಳ ಜೊತೆ ವಾರ್ಡ್ ಕಚೇರಿಗೆ ಹೋದೆ. ಅರ್ಜಿಯಲ್ಲಿ ಹೆಸರು, ವಯಸ್ಸು, ವಿಳಾಸ ಆದ ಮೇಲೆ ಧರ್ಮ ಎಂಬ ಖಾನೆ ಬಂತು. ಅವಳ ಪೆನ್ನು ನಿಂತಿತು. ಅವಳ ತಂದೆಯ ರೈಲ್ವೆ ಕಾಗದಗಳಲ್ಲಿ ಹಿಂದೂ ಎಂದಿತ್ತು. ನಾಳೆ ಕುಟುಂಬ ಪೆನ್ಶನ್ನಿಗೆ ಓಡಾಡುವಾಗ ಯಾರಾದರೂ ನನ್ನಂಥವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ? ನನಗೆ ಭಯವಾಯಿತು. ತಗ್ಗಿದ ದನಿಯಲ್ಲಿ ಹೇಳಿದೆ: "ಅದನ್ನ ಖಾಲಿ ಬಿಡವ್ವಾ."

"ಖಾಲಿ ಬಿಟ್ರ ಅವರಽ ಏನರ ತುಂಬ್ತಾರ್ರಿ, ಅಂಕಲ್."

"ನಿಮ್ಮವ್ವನ ಪೆನ್ಶನ್ ಪ್ರಶ್ನಾ ಐತಿ."

"ನಿಂತ್ರ ನಾ ಅದೀನಿ" ಎಂದಳು. ಕ್ರೈಸ್ತ ಎಂದು ಬರೆದಳು. ಆಮೇಲೆ ಕಣ್ಣೀರು ಬಂದು, ಅರ್ಜಿ ನೆನೆಯಬಾರದೆಂದು ನನ್ನ ಕೈಗೆ ಕೊಟ್ಟು ಹೊರಗಿನ ಬೆಂಚಿಗೆ ಹೋದಳು.

ಸಾಲಿನಲ್ಲಿ ನಾನೇ ನಿಂತೆ. ನನ್ನ ಸರದಿ ಬಂದಾಗ ಅರ್ಜಿ ಕೊಟ್ಟು ಗುಮಾಸ್ತನ ಕಣ್ಣನ್ನೇ ನೋಡಿದೆ. ಅವನು ಹೆಸರು ನೋಡಿದ, ಆಧಾರ್ ನಂಬರು ನೋಡಿದ, ಆಸ್ಪತ್ರೆಯ ಚೀಟಿ ಇದೆಯೇ ಎಂದು ನೋಡಿದ. ಆ ಖಾನೆಯ ಮೇಲೆ ಅವನ ಕಣ್ಣು ಒಂದು ಕ್ಷಣವೂ ನಿಲ್ಲಲಿಲ್ಲ. ಠಪ್ಪೆಂದು ಮೊಹರು ಒತ್ತಿ, ನನ್ನ ಹಿಂದಿನವರಿಗೆ ಮುಂದೆ ಬರಲು ಹೇಳಿದ.